ತವರಿನ ಕಡೆಯ ಬೆಂಚು

ಪಟ್, ಪಟ್, ಪಟ್. ಹಿಟ್ಟಿನ ಗಿರಣಿಯ ಬೆಲ್ಟು ಬಡಿಯುತ್ತಿದ್ದ ಆ ಸದ್ದು ಈಗಲೂ ಕೆಲವು ಮಧ್ಯಾಹ್ನ ನನ್ನ ಕಿವಿಗೆ ಬರುತ್ತದೆ. ಪುಣೆಯ ಹಳೆಯ ಪೇಟೆಯೊಂದರಲ್ಲಿ ಗಿರಣಿಯ ಮೇಲೆ ಒಂದು ಉದ್ದನೆಯ ಕೋಣೆ. ಅದೇ ನಮ್ಮ ಸೆಂಟರ್. ಗಂಡನ, ಅತ್ತೆಯ, ಕೆಲವೊಮ್ಮೆ ಹೊಟ್ಟೆಯಲ್ಲಿ ಹುಟ್ಟಿದ ಮಗನ ಹೊಡೆತ ತಿಂದ ಹೆಂಗಸರು ಬಂದು ಕೂತು ಮಾತಾಡುವ ಜಾಗ. ಹೊಸದಾಗಿ ನೋಡಲು ಬಂದವರು, ಇಷ್ಟು ಗದ್ದಲದಲ್ಲಿ ಕೌನ್ಸೆಲಿಂಗ್ ಹೇಗೆ ಮಾಡುತ್ತೀರಿ ಎಂದು ಕೇಳುತ್ತಿದ್ದರು. ನಮಗೆ ಬೇಕಾಗಿದ್ದದ್ದೇ ಆ ಗದ್ದಲ. ಬೆಲ್ಟು ತಿರುಗುತ್ತಿರುವಾಗ ಮೆಟ್ಟಿಲ ಮೇಲೆ ಬಂದು ನಿಂತ ಗಂಡನಿಗೆ ಒಳಗಿನ ಒಂದು ಅಕ್ಷರವೂ ಕೇಳಿಸುತ್ತಿರಲಿಲ್ಲ. ಹೆಂಗಸರು ಆ ಸದ್ದಿನ ಮರೆಯಲ್ಲಿ ಬಾಯಿಬಿಟ್ಟು ಅಳುತ್ತಿದ್ದರು.

ಗುರುವಾರ ಮಾತ್ರ ಆ ಭಾಗದಲ್ಲಿ ಕರೆಂಟು ತೆಗೆಯುತ್ತಿದ್ದರು, ಗಿರಣಿ ಬಂದ್. ಅಂದು ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ, ಯಾರೂ ಮನಸ್ಸು ಬಿಚ್ಚುತ್ತಿರಲಿಲ್ಲ. ಅದಕ್ಕೇ ಗುರುವಾರವನ್ನು ಜಾಯಿಂಟ್ ಮೀಟಿಂಗಿಗೆ ಇಟ್ಟುಕೊಂಡಿದ್ದೆವು. ಹುಡುಗಿಯ ಕಡೆಯವರನ್ನೂ ಗಂಡನ ಕಡೆಯವರನ್ನೂ ಕರೆಸಿ ಎದುರುಬದುರು ಕೂಡಿಸುವ ದಿನ ಅದು. ಅದಕ್ಕಾಗಿಯೇ ಎರಡು ಬೆಂಚುಗಳಿದ್ದವು. ಕಿಟಕಿಯ ಕಡೆಗಿನದು ತವರಿನವರದು, ಗೋಡೆಯ ಕಡೆಗಿನದು ಅತ್ತೆಮನೆಯವರದು.

ನಾನು ಅಲ್ಲಿ ಸೇರಿಕೊಂಡದ್ದು ಇಂಗ್ಲಿಷಿನ ಕೆಲಸಕ್ಕೆಂದು, ಉಳಿದದ್ದು ಕನ್ನಡದ ದೆಸೆಯಿಂದ. ಹುಬ್ಬಳ್ಳಿಯಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದ ಹುಡುಗಿಯನ್ನು ವರಾಂಡದಲ್ಲಿ ನಿಲ್ಲಿಸುತ್ತಿದ್ದರು. "ಗರ್ಲ್ಸ್, ಬ್ಯಾಕ್ಸ್ ಸ್ಟ್ರೇಟ್, ವಾಯ್ಸಸ್ ಲೋ" ಎನ್ನುವುದು ನಮ್ಮ ಸಿಸ್ಟರ್ ಒಬ್ಬರ ನಿತ್ಯದ ಜಪ. ಆಮೇಲೆ ಮದುವೆ, ಪುಣೆ, ದೇಹೂ ರೋಡಿನ ಕ್ವಾರ್ಟರ್ಸು, ಎರಡು ಮಕ್ಕಳು, ನಿಟ್ಟಿಂಗು. ಮಕ್ಕಳು ದೊಡ್ಡವರಾದ ಮೇಲೆ ಸೆಂಟರಿನ ರಿಪೋರ್ಟುಗಳನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಬರೆಯಲು ಯಾರಾದರೂ ಬೇಕೆಂದರು, ಹೋದೆ. ತೊಂಬತ್ತರ ದಶಕ ಅದು. ಊರಿನ ಅಂಚಿನಲ್ಲೆಲ್ಲ ಬಿಲ್ಡಿಂಗುಗಳು ಏಳುತ್ತಿದ್ದವು. ಅವನ್ನು ಕಟ್ಟಲು ಕಲಬುರ್ಗಿ, ಯಾದಗಿರಿ ಕಡೆಯಿಂದ ಮಂದಿ ಬಂದಿದ್ದರು. ಅವರ ಹೆಂಗಸರು ನಮ್ಮ ಮೆಟ್ಟಿಲು ಹತ್ತಿ ಬಂದು ಮರಾಠಿ ಬಾರದೆ ಗೋಡೆಗೊರಗಿ ಕೂತುಬಿಡುತ್ತಿದ್ದರು. "ನಿಮಗೆ ಕಾನಡಿ ಬರುತ್ತಲ್ಲವೇ?" ಎಂದು ನಮ್ಮ ಹೆಡ್ ಮೇಡಂ ಒಂದು ದಿನ ಕೇಳಿದರು. ಯಾವುದಕ್ಕಾಗಿ ವರಾಂಡದಲ್ಲಿ ನಿಂತಿದ್ದೆನೋ ಅದಕ್ಕಾಗಿಯೇ ನನಗೊಂದು ಸ್ಟೂಲು ಕೊಟ್ಟರು, ಎರಡು ಬೆಂಚುಗಳ ನಡುವೆ. ಇಂಟರ್‌ಪ್ರಿಟರ್ ನ್ಯೂಟ್ರಲ್ ಆಗಿರಬೇಕು ಎನ್ನುವುದು ರೂಲು.

ಆ ಹುಡುಗಿಯನ್ನು ಕರೆತಂದದ್ದು ಒಂದು ಸೈಟಿನ ಬಾಲವಾಡಿಯ ಟೀಚರ್. ಇಪ್ಪತ್ತು ಇನ್ನೂ ತುಂಬಿರಲಿಕ್ಕಿಲ್ಲ. ಒಂದು ಕಿವಿಯ ಹಾಲೆ ಹರಿದು, ಸೆರಗಿನ ಅಂಚಿಗೆ ರಕ್ತ ಒಣಗಿ ಕಂದಾಗಿತ್ತು. ನಾನು ಕನ್ನಡದಲ್ಲಿ ಮಾತಾಡಿಸಿದ ಕೂಡಲೇ ತಲೆಯೆತ್ತಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಯಾರು ಹೊಡದ್ರವ್ವ?"

"ಮನ್ಯಾಗಿನಾಂವ್ರಿ."

"ಗಂಡನಾ?"

"ಹೌದ್ರಿ. ನಮ್ಮವ್ವನ ತಮ್ಮ."

ನಾನು ಅದನ್ನು ಮರಾಠಿಗೆ ತಿರುಗಿಸಿ ಹೇಳಿದಾಗ, ಲಾ ಓದಿ ಆಗ ತಾನೇ ಸೇರಿದ್ದ ಹುಡುಗಿ ಪೆನ್ನು ಕೆಳಗಿಟ್ಟಳು. "ಸಖ್ಖಾ ಮಾಮಾ? ದೇವಾ ರೇ! ಇದು ಕ್ರೈಮ್, ಮೇಡಂ. ಪೊಲೀಸಿಗೆ ಫೋನ್ ಮಾಡೋಣ."

"ಡಿಯರ್, ನಮ್ಮ ಕಡೆ ಇದು ಮದುವೆ," ಎಂದೆ. "ನಮ್ಮ ಸೋದರತ್ತೆಯನ್ನೂ ಅವಳ ಸ್ವಂತ ಸೋದರಮಾವನಿಗೇ ಕೊಟ್ಟಿದ್ದರು. ಮುಪ್ಪಾಗುವ ತನಕ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು." ಮರಾಠಿ ಮಂದಿಯಲ್ಲಿ ಮಾಮನ ಮಗಳನ್ನು ಸೊಸೆಯಾಗಿ ತರುವುದುಂಟು, ಮಾಮನಿಗೇ ಹುಡುಗಿಯನ್ನು ಕೊಡುವುದೆಂದರೆ ಅವರ ಪಾಲಿಗೆ ಮಹಾಪಾಪ. ಕೋಣೆಯಲ್ಲಿದ್ದವರೆಲ್ಲ ಒಂದು ಗಳಿಗೆ ಹುಡುಗಿಯ ಹರಿದ ಕಿವಿಯನ್ನು ಮರೆತು ಅವಳ ಸಂಬಂಧವನ್ನೇ ದಿಟ್ಟಿಸುತ್ತಿದ್ದರು.

ಅವಳಿಗೆ ಅದು ತಿಳಿಯಿತು. "ಅಂವ ಮಾಮಾ ಇದ್ದಾನಂತ ನಾ ಬಂದಿಲ್ರಿ," ಎಂದಳು. "ಹೊಡೀತಾನಂತ ಬಂದೀನಿ. ಅಂವ ಬರಲಾರದ ಜಾಗಾ ಒಂದು ತೋರಸ್ರಿ. ಮತ್ತೇನೂ ಬ್ಯಾಡ."

ಅವಳು ಕೇಳಿದ್ದು ಅಷ್ಟೇ.

ನಮ್ಮ ಸೆಂಟರಿಗೆ ಒಂದು ಪದ್ಧತಿಯಿತ್ತು, ಹತ್ತಾರು ಹೆಂಗಸರಿಗೆ ಅದರಿಂದ ಒಳ್ಳೆಯದೂ ಆಗಿತ್ತು. ಮೊದಲು ಎರಡೂ ಕಡೆಯವರನ್ನು ಕರೆಸುವುದು. ಹಿರಿಯರ ಮುಂದೆ ಗಂಡನಿಂದ ಮಾತು ತೆಗೆದುಕೊಳ್ಳುವುದು. ಹುಡುಗಿಯನ್ನು ಕೆಲ ಕಾಲ ತವರಿಗೆ ಕಳಿಸುವುದು. ತವರಿನಲ್ಲಿ ತಾಯಿಯ ಕೈಯೂಟ ಉಂಡು, ನಿದ್ದೆ ಮಾಡಿ, ಬೇಕಾದರೆ ಮರಳುತ್ತಾಳೆ, ಬೇಡವಾದರೆ ಬಿಡುತ್ತಾಳೆ. ನಾನು ಇದನ್ನೆಲ್ಲ ಹೇಳುತ್ತಿದ್ದಂತೆ ಹುಡುಗಿಯ ಮುಖದಲ್ಲಿ ಒಂದು ನಗೆ ಬಂತು.

"ತವರೆಲ್ಲಿದ್ರಿ ನನಗ? ನಮ್ಮವ್ವನ ಮನಿ ಅಂದ್ರ ಅವನ ಅಕ್ಕನ ಮನಿ. ನಮ್ಮತ್ತಿ ಅಂದ್ರ ನಮ್ಮವ್ವನ ಅವ್ವ. ಎಲ್ಲಿ ಹೋದ್ರೂ ಅವನ ತಾಟು ಅಲ್ಲೇ ಇರ್ತದ."

ಇದನ್ನೂ ನಾನು ತಿರುಗಿಸಿ ಹೇಳಿದೆ. ಹೆಡ್ ಮೇಡಂ ಯೋಚಿಸಿದರು. ಕೆಟ್ಟ ಹೆಂಗಸಲ್ಲ, ಎಷ್ಟೋ ಹುಡುಗಿಯರನ್ನು ಕೈಯಾರೆ ಆಸ್ಪತ್ರೆಗೆ ಹೊತ್ತುಕೊಂಡು ಹೋದವರು. "ಅಕ್ಕನಾದರೇನು, ತಾಯಿ ಅಲ್ಲವೇ?" ಎಂದರು. "ಕಣ್ಣೆದುರು ಮಗಳನ್ನು ಹೊಡೆದರೆ ಯಾವ ತಾಯಿ ಸುಮ್ಮನಿರುತ್ತಾಳೆ?"

ಆಷಾಢದ ಒಂದು ಗುರುವಾರ ಮೀಟಿಂಗು. ತಾಯಿ ಮೊದಲು ಬಂದಳು. ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ, ದವಡೆಯಲ್ಲಿ ತಂಬಾಕು. ಸಿಮೆಂಟು ಹೊತ್ತು ಹೊತ್ತು ಕತ್ತು ಒಂದು ಕಡೆ ವಾಲಿತ್ತು. ಮಗಳ ಕಿವಿಯನ್ನು ಮುಟ್ಟಿ ನೋಡಿ, "ಎಣ್ಣಿ ಹಚ್ಚಿದ್ದೇನು?" ಎಂದಷ್ಟೇ ಕೇಳಿ, ಅವಳು ಕೂತಿದ್ದ ಕಿಟಕಿಯ ಕಡೆಯ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಆಮೇಲೆ ಮುದುಕಿಯೊಬ್ಬಳು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದಳು. ಹುಡುಗಿಗೆ ಅಜ್ಜಿ, ಅತ್ತೆ, ಎರಡೂ ಅವಳೇ. ಹಿಂದೆಯೇ ಆ ಗಂಡ. ಗೋಡೆ ಕಟ್ಟುವ ಗೌಂಡಿ ಕೆಲಸದವನು, ಸ್ನಾನ ಮಾಡಿ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಬಂದವನೇ ಬಗ್ಗಿ ಅಕ್ಕನ ಪಾದ ಮುಟ್ಟಿದ. ಅವಳ ಕೈ ತಾನಾಗಿಯೇ ಅವನ ತಲೆಯ ಮೇಲೆ ಹೋಯಿತು.

"ಹುಡುಗನ ಕಡೆಯವರು ಆ ಬೆಂಚಿಗೆ, ಹುಡುಗಿಯ ಕಡೆಯವರು ಈ ಬೆಂಚಿಗೆ," ಎಂದರು ಹೆಡ್ ಮೇಡಂ. ನಾನು ಕನ್ನಡದಲ್ಲಿ ಹೇಳಿದೆ.

ಮುದುಕಿ ಎರಡೂ ಬೆಂಚುಗಳನ್ನು ನೋಡಿದಳು. "ಅಂವ ನನ್ನ ಮಗ. ಅಕಿ ನನ್ನ ಮೊಮ್ಮಗಳು. ಎರಡೂ ಕಡಿ ಕೂಡಾಕ ನನಗೇನು ಎರಡು ಕುಂಡಿ ಅದಾವೇನ್ರಿ ಬಾಯಾರ?"

ಕಾನ್ವೆಂಟಿನಲ್ಲಿ ಪಳಗಿದ ನಾಲಿಗೆ ಅದನ್ನು ಮರಾಠಿಗೆ ತರಲಿಲ್ಲ. "ಅಜ್ಜಿಗೆ ಕನ್‌ಫ್ಯೂಷನ್ ಆಗಿದೆ," ಎಂದೆ. ಮುದುಕಿ ಎರಡು ಬೆಂಚುಗಳ ನಡುವೆ, ನನ್ನ ಸ್ಟೂಲಿನ ಹತ್ತಿರ, ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟಳು. ಆಗ ತಾಯಿ ಎದ್ದಳು. ಆ ಬೆಂಚಿಗೆ ಒಂದು ಖೋಡಿಯಿತ್ತು, ಒಂದು ತುದಿಯವರು ಎದ್ದರೆ ಇನ್ನೊಂದು ತುದಿ ಕುಸಿಯುತ್ತಿತ್ತು. ಹುಡುಗಿ ಬೀಳಲು ಹೋಗಿ ಕಿಟಕಿಯ ಸರಳು ಹಿಡಿದುಕೊಂಡಳು. ತಾಯಿ ಹೋಗಿ ತನ್ನ ಅವ್ವನ ಪಕ್ಕದಲ್ಲಿ ನೆಲಕ್ಕೆ ಕೂತಳು. ಹುಡುಗಿ ಸರಿದು ಬೆಂಚಿನ ನಡುವೆ ಬಂದಳು, ಒಬ್ಬಳೇ.

ಗಂಡ ಏನನ್ನೂ ಮುಚ್ಚಿಡಲಿಲ್ಲ. "ಹೊಡದೀನ್ರಿ. ಸಣ್ಣಾಕಿ ಇದ್ದಾಗ ಹೆಗಲ ಮ್ಯಾಲ ಹೊತ್ತು ಸಾಲಿಗಿ ಬಿಟ್ಟು ಬಂದೀನಿ. ಜ್ವರ ಬಂದ್ರ ಎದಿಮ್ಯಾಲ ಮಲಗಿಸ್ಕೊಂಡೀನಿ. ಒಂದೇಟು ಹಾಕಾಕ ನನಗ ಹಕ್ಕಿಲ್ಲೇನು? ಗಂಡ ಅಂತ ಬ್ಯಾಡ್ರಿ, ಮಾಮಾ ಅಂತರೆ?"

"ಎದರಾಗ ಹೊಡದಿ ಅದನ್ನೂ ಹೇಳು," ಎಂದಳು ಹುಡುಗಿ.

"ನೋಡ್ರಿ ಮಾತು! ಪುಣೆದ ನೀರು ಕುಡದು ಬಾಯಿ ಬಂದದ ಇಕಿಗಿ."

"ಸುಮ್ಮನಿರು," ಎಂದಳು ತಾಯಿ. ಯಾರಿಗೆ ಹೇಳಿದಳೋ ತಿಳಿಯಲಿಲ್ಲ, ಇಬ್ಬರೂ ಸುಮ್ಮನಾದರು. ಆಮೇಲೆ ಮೇಡಂ ಕಡೆ ತಿರುಗಿ ಕೈ ಜೋಡಿಸಿದಳು. "ತಪ್ಪಾಗ್ಯಾದ್ರಿ. ಬಗಲಾಗ ಹೊತ್ತು ಬೆಳಿಸೀನಿ ಇವನ್ನ, ನನ್ನ ಮಾತು ಮೀರಂಗಿಲ್ಲ. ಮಗಳು ನನ್ನ ಹತ್ರ ಇರ್ಲಿ. ನಾ ನೋಡ್ಕೋತೀನಿ."

ಅವನು ಆಣೆ ಮಾಡಿದ. ಹುಡುಗಿಯನ್ನು ತಾಯಿಯ ಜೊತೆ ಕಳಿಸುವುದೆಂದು ತೀರ್ಮಾನವಾಯಿತು. ಮೆಟ್ಟಿಲು ಇಳಿಯುವ ಮುಂಚೆ ಹುಡುಗಿ ನನ್ನನ್ನು ನೋಡಿದಳು. ಸಿಟ್ಟೇನೂ ಇರಲಿಲ್ಲ. ತಪ್ಪು ಬಸ್ಸು ಹತ್ತಿದವಳು ಕಿಟಕಿಯಿಂದ ನೋಡುವ ಹಾಗೆ ನೋಡಿದಳು.

ಆಷಾಢ ಮುಗಿದು ಶ್ರಾವಣ ಬಂತು. ನಾಗರಪಂಚಮಿಯ ಮರುದಿನ ಬಾಲವಾಡಿಯ ಟೀಚರ್ ಫೋನ್ ಮಾಡಿದಳು. ಸರಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಹೋದೆ. ಹುಡುಗಿಯ ಮುಖದ ಎಡಭಾಗ ಪೂರಾ ಬ್ಯಾಂಡೇಜಿನೊಳಗಿತ್ತು. ಕಣ್ಣು ಉಳಿಯುವುದಿಲ್ಲ ಎಂದರು ಡಾಕ್ಟರು. ತಾಯಿ ವಾರ್ಡಿನ ಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು.

"ಪರಾಂಚಿಯಿಂದ ಬಿದ್ಲ್ರಿ," ಎಂದಳು. ಕಟ್ಟಡದ ಸುತ್ತ ಬಿದಿರಿನಲ್ಲಿ ಕಟ್ಟುವ ಅಟ್ಟಣಿಗೆಗೆ ಅವರೆಲ್ಲ ಪರಾಂಚಿ ಎನ್ನುತ್ತಿದ್ದರು.

"ಪಂಚಮಿ ದಿನ ಕೆಲಸ ಇತ್ತೇನು?"

"ಇರಲಿಲ್ರಿ," ಎಂದಳು. ಆಮೇಲೆ ತಾನಾಗಿಯೇ ಶುರು ಮಾಡಿದಳು. "ಪಂಚಮಿಗೆ ಬಂದಿದ್ದ. ಅಕ್ಕನ ಮನಿಗಿ ತಮ್ಮ ಪಂಚಮಿಗಿ ಬರಬ್ಯಾಡ ಅಂತ ಯಾವ ಬಾಯಿಲೆ ಅನ್ಲಿ? ಕಾಯಿ ತಂದಿದ್ದ, ಕುಬುಸದ ಖಣ ತಂದಿದ್ದ. ಅಳ್ಳು ಹುರದಿದ್ದೆ, ಉಂಡಿ ಮಾಡಿದ್ದೆ. ಕುಂತು ತಿಂದ. ಅಕಿಗಿ ಬಡಿಸು ಅಂದೆ. ಅಕಿ ಬಡಸಲಿಲ್ಲ."

ಆಸ್ಪತ್ರೆಯ ಪೊಲೀಸಿನವನು ಕೇಳಿದಾಗಲೂ ತಾಯಿ ಪರಾಂಚಿಯೆಂದೇ ಹೇಳಿದಳು, ಅಜ್ಜಿಯೂ ಅದನ್ನೇ ಹೇಳಿದಳು, ಕೇಸು ನಿಲ್ಲಲಿಲ್ಲ. ಹುಡುಗಿಯೂ ಅದನ್ನು ಕೇಳಿಸಿಕೊಂಡಳು. ಬ್ಯಾಂಡೇಜಿನಾಚೆಯ ಕಣ್ಣು ತಾಯಿಯ ಮೇಲೆ ಊರಿತ್ತು. "ಇಬ್ರೂ ನನ್ನವರಽರಿ," ಎಂದು ತಾಯಿ ನನಗೆ ಎಷ್ಟು ಸಲ ಅಂದಳೋ. ನಾನು ಅವಳನ್ನು ಬಯ್ಯಬೇಕೆಂದುಕೊಂಡು ಹೋದವಳು. ಬಯ್ಯಲಿಲ್ಲ.

ಆ ಸಂಜೆ ನಾನು ಆಟೋ ಹಿಡಿದು ಊರ ಹೊರಗೆ ಸಿಸ್ಟರ್‌ಗಳು ನಡೆಸುತ್ತಿದ್ದ ಒಂದು ಹಾಸ್ಟೆಲಿಗೆ ಹೋದೆ. ಅಲ್ಲಿಯ ಮದರ್ ಸುಪೀರಿಯರ್ ಎದುರು ನಿಂತಾಗ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು, ದನಿ ತಗ್ಗಿತು. ವಯಸ್ಸು ಐವತ್ತಾಗಿದ್ದರೂ "ಯೆಸ್, ಮದರ್" ಎಂದೆ. ಮರಾಠಿಯಲ್ಲಿ, ಕನ್ನಡದಲ್ಲಿ ಎಲ್ಲೂ ಸಿಗದ ಜಾಗ ಇಂಗ್ಲಿಷಿನಲ್ಲಿ ಸಿಕ್ಕಿತು. ಆದರೆ ಅವರದೊಂದು ಕಂಡಿಷನ್. ಎಲ್ಲಿದ್ದಾಳೆಂದು ಯಾರಿಗೂ ಗೊತ್ತಾಗಕೂಡದು. ನೋ ವಿಸಿಟರ್ಸ್. "ನಾಟ್ ಈವನ್ ದ ಮದರ್. ಈ ಕೇಸಿನಲ್ಲಂತೂ ತಾಯಿ ಬರಲೇಕೂಡದು. ಹುಡುಗಿ ತಡೆದುಕೊಂಡಾಳೇ?"

ಹುಡುಗಿಗೆ ಹೇಳಿದೆ. "ಅಂವ ಬರಲಾರದ ಜಾಗಾ ಸಿಕ್ಕದ. ಆದ್ರ ಅವ್ವನೂ ಬರಂಗಿಲ್ಲ."

ಅವಳು ಹಾಸಿಗೆಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. "ಬರಂಗಿಲ್ಲಾ? ಖರೇನ್ರಿ?" ಎಂದಳು. ಅದು ಭಯವೋ, ಬಿಡುಗಡೆಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಡಿಸ್ಚಾರ್ಜ್ ದಿನ ತಾಯಿ ಸೈಟಿನಿಂದ ಬುತ್ತಿ ತರಲು ಹೋಗಿದ್ದಾಗ ಅವಳನ್ನು ಹಿಂದಿನ ಗೇಟಿನಿಂದ ಕರೆದೊಯ್ದೆವು. ಬುತ್ತಿ ಹಿಡಿದು ಬಂದವಳು ಖಾಲಿ ಹಾಸಿಗೆ ನೋಡಿ ವಾರ್ಡಿನಲ್ಲೇ ಎದೆ ಬಡಿದುಕೊಂಡಳೆಂದು ನರ್ಸ್ ಹೇಳಿದಳು. ಮರುದಿನ ಗಂಡ ಸೆಂಟರಿಗೆ ಬಂದು ಕೂಗಾಡಿದ. "ನನ್ನ ಹೆಣ್ತಿ ಎಲ್ಲಿ? ನನ್ನ ಅಕ್ಕನ ಮಗಳು ಎಲ್ಲಿ?" ಕೆಳಗೆ ಗಿರಣಿ ತಿರುಗುತ್ತಿತ್ತು, ಅವನ ಅರ್ಧ ಮಾತು ಹಿಟ್ಟಾಗಿ ಹೋಯಿತು. ಆಮೇಲೂ ಬಹಳ ಕಾಲ ಸೈಟಿನಿಂದ ಸೈಟಿಗೆ ಅವಳನ್ನು ಹುಡುಕುತ್ತ ತಿರುಗುತ್ತಿದ್ದಾನೆಂದು ಟೀಚರ್ ಹೇಳುತ್ತಿದ್ದಳು. "ಕಂಡಲ್ಲೇ ಮುಗಸ್ತೀನಿ" ಎಂದೂ ಅನ್ನುತ್ತಿದ್ದನಂತೆ.

ತಾಯಿ ಬಂದದ್ದು ಆ ವರ್ಷದ ಚಳಿಗಾಲದಲ್ಲಿ, ಚಂಪಾಷಷ್ಠಿ ಮುಗಿದ ಮೇಲೆ. ಅವರ ಮನೆದೇವರು ಮೈಲಾರಲಿಂಗ. ಊರಿಗೆ ಹೋಗಲಾಗದ ವರ್ಷ ಅವರೆಲ್ಲ ಅದೇ ದೇವರಿರುವ, ಪುಣೆ ಹತ್ತಿರದ ಜೇಜುರಿಗೇ ಹೋಗಿ ಕಾಯಿ ಒಡೆಸಿ ಬರುತ್ತಿದ್ದರು. ಹಣೆ, ಕೂದಲು, ರೆಪ್ಪೆ ಎಲ್ಲ ಹಳದಿ. ಸೊಂಟದಿಂದ ಒಂದು ಕಾಗದದ ಪುಡಿಕೆ ತೆಗೆದು ನನ್ನ ಮುಂದೆ ಇಟ್ಟಳು. ಭಂಡಾರ, ದೇವರ ಅರಿಶಿನ.

"ಅಕಿಗಿ ಮುಟ್ಟಸ್ರಿ."

ನಮಗೆ ಗೊತ್ತಿದೆ ಎಂದೂ ಹೇಳುವಂತಿಲ್ಲ, ಗೊತ್ತಿಲ್ಲ ಎಂದೂ ಹೇಳುವಂತಿಲ್ಲ. ಕಾನ್ಫಿಡೆನ್ಷಿಯಾಲಿಟಿ ಎಂಬುದು ಗಿರಣಿಯ ಮೇಲಿನ ಆ ಕೋಣೆಯ ದೇವರು. ಪುಡಿಕೆ ಎತ್ತಿ ಪರ್ಸಿನಲ್ಲಿ ಇಟ್ಟುಕೊಂಡೆ. ತಾಯಿ ನನ್ನ ಕೈಯನ್ನೇ ನೋಡುತ್ತಿದ್ದಳು. ಪರ್ಸಿನ ಬಟನ್ ಚಟ್ ಎಂದು ಮುಚ್ಚಿದಾಗ ಅವಳ ಹೆಗಲು ಕೆಳಗಿಳಿಯಿತು. ಸತ್ತವಳಿಗೆ ಯಾರೂ ಭಂಡಾರ ಒಯ್ಯುವುದಿಲ್ಲ. ಮತ್ತೊಂದು ಮಾತೂ ಕೇಳದೆ ಮೆಟ್ಟಿಲು ಇಳಿದು ಹೋದಳು.

ಆಮೇಲೆ ಪ್ರತಿ ವರ್ಷವೂ ಬಂದಳು. ಅದೇ ಕಾಲಕ್ಕೆ, ಅದೇ ಪುಡಿಕೆ, ಅದೇ ಮಾತು. ಹೆಡ್ ಮೇಡಂ ನೋಡಿಯೂ ನೋಡದಂತೆ ಇದ್ದರು. ನಾನು ಒಯ್ದು ಕೊಡುತ್ತಿದ್ದೆ, ಮೊದಲು ಹಾಸ್ಟೆಲಿಗೆ, ಆಮೇಲೆ ರಾಂಜಣಗಾಂವಕ್ಕೆ. ಅಲ್ಲಿ ಫ್ಯಾಕ್ಟರಿಗಳು ಬಂದಿದ್ದವು. ಒಂದರಲ್ಲಿ ಅವಳಿಗೆ ಪ್ಯಾಕಿಂಗ್ ಕೆಲಸ ಸಿಕ್ಕಿ, ಬೇರೆ ಹುಡುಗಿಯರ ಜೊತೆ ತಗಡು ಹೊದಿಸಿದ ಒಂದು ಖೋಲಿಯಲ್ಲಿದ್ದಳು. ಕಂಪನಿಯ ನೀಲಿ ಕೋಟು, ತಲೆಗೆ ಟೋಪಿ, ಗಾಜಿನ ಕಣ್ಣು. ಮರಾಠಿ ನನಗಿಂತ ಚೆನ್ನಾಗಿ ಆಡುತ್ತಿದ್ದಳು. ಪುಡಿಕೆಯನ್ನು ಬಿಚ್ಚುತ್ತಲೂ ಇರಲಿಲ್ಲ, ಬಿಸಾಡುತ್ತಲೂ ಇರಲಿಲ್ಲ. ಗೋಡೆಯ ಹಲಗೆಯ ಮೇಲೆ ಹಳೆಯ ಪುಡಿಕೆಗಳ ಪಕ್ಕ ಇಟ್ಟುಬಿಡುತ್ತಿದ್ದಳು. ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ಅವ್ವ ಒಬ್ಬಾಕೀನ ಬಂದಿದ್ಲೇನು?"

"ಹೌದವ್ವ, ಒಬ್ಬಾಕೀನ."

"ಹಂಗಾರ ಇಡ್ರಿ."

ಹೀಗೆ ಕೆಲವು ವರ್ಷ ನಡೆಯಿತು. ಹೊಸ ಶತಮಾನ ಬಂತು. ನನ್ನ ಮೊಣಕಾಲು ಮೆಟ್ಟಿಲುಗಳನ್ನು ಒಲ್ಲೆನ್ನತೊಡಗಿತ್ತು. ಆ ಸಲ ತಾಯಿ ಬಂದದ್ದು ಗುರುವಾರ. ಯಾವ ಮೀಟಿಂಗೂ ಇರಲಿಲ್ಲ. ಗಿರಣಿ ಬಂದ್ ಇದ್ದುದರಿಂದ ಅವಳು ಒಂದೊಂದೇ ಮೆಟ್ಟಿಲು ಹತ್ತಿ ಬರುವುದು ಕೇಳಿಸಿತು. ಬಹಳ ಸೊರಗಿದ್ದಳು. ಬಂದು, ನೆಲದ ಮೇಲೆ ಕೂರದೆ, ಕಿಟಕಿಯ ಕಡೆಯ ಬೆಂಚಿನ ಮೇಲೆ ಕೂತಳು.

"ಅವ್ವ ಹೋದ್ಲ್ರಿ," ಎಂದಳು. ಅವಳ ತಾಯಿ, ಆ ಮುದುಕಿ. "ಈಗ ಒಲಿ ಮುಂದ ನಾನೂ ಅವನೂ ಇಬ್ರಽ."

ಪುಡಿಕೆ ತೆಗೆದು ಮೇಜಿನ ಮೇಲಿಟ್ಟಳು. ಎತ್ತಿಕೊಳ್ಳಲು ಕೈ ಚಾಚಿದ್ದೆ. ಆಗ ಕೆಳಗೆ ಯಾರೋ ಕೆಮ್ಮಿದರು. ಬೇರೆ ದಿನವಾಗಿದ್ದರೆ ಅದು ಬೆಲ್ಟಿನ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಕಿಟಕಿಯಿಂದ ಬಗ್ಗಿ ನೋಡಿದೆ. ಗಿರಣಿಯ ಮುಚ್ಚಿದ ಬಾಗಿಲ ಕಟ್ಟೆಯ ಮೇಲೆ ಅವನು ಕೂತಿದ್ದ. ಕೂದಲು ನರೆತಿತ್ತು, ಹಣೆ ಖಾಲಿ, ಕೈಯಲ್ಲಿ ಅಕ್ಕನ ಗಂಟು. ತಲೆಯೆತ್ತಿ ಕಿಟಕಿಯನ್ನೇ ನೋಡುತ್ತಿದ್ದ.

"ಯಾರು ಬಂದಾರ ಜೋಡಿ?" ಎಂದೆ.

"ತಮ್ಮ ಬಂದಾನ್ರಿ. ನನಗ ಒಬ್ಬಾಕಿಗಿ ಬಸ್ಸು ಹತ್ತಾಕ ಆಗಂಗಿಲ್ಲ." ಮತ್ತೆ, "ಕುಡಿಯೂದು ಬಿಟ್ಟಾನ್ರಿ ಈಗ," ಎಂದಳು. ಅವನು ಕುಡಿಯುತ್ತಿದ್ದನೆಂದು ನಮಗೆ ಯಾರೂ ಯಾವತ್ತೂ ಹೇಳಿರಲಿಲ್ಲ.

ಹೆಂಡತಿಯ ಸುಳಿವು ಹಿಡಿಯಲು ಅವಳನ್ನು ಅವನೇ ಕಳಿಸಿದ್ದನೋ, ಮುದುಕಿಯಾದ ಅಕ್ಕನಿಗೆ ಬರೀ ಜೊತೆಯಾಗಿ ಬಂದಿದ್ದನೋ ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ದಾರಿಯೂ ಇರಲಿಲ್ಲ. ನನ್ನ ಕಣ್ಣ ಮುಂದೆ ಬಂದದ್ದು ರಾಂಜಣಗಾಂವದ ಖೋಲಿ, ಒಳಗಿನಿಂದ ಸರಿಯಾಗಿ ಬೀಳದ ಅದರ ಚಿಲಕ. ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡೆ.

"ಯಾರಿಗವ್ವ ಇದು? ಅಂಥಾಕಿ ಯಾರೂ ನಮಗ ಗೊತ್ತಿಲ್ಲ."

ಅವಳು ಮೊದಲು ನನ್ನ ಮುಖ ನೋಡಿದಳು, ಆಮೇಲೆ ಕೈ ನೋಡಿದಳು. ಕೈ ಅಲುಗಲಿಲ್ಲ. "ಹೋದ ವರ್ಷ ತಗೊಂಡಿದ್ರಿ," ಎಂದಳು, ಬಹಳ ಮೆಲ್ಲಗೆ.

ನಾನು ಮೇಜಿನ ಮೇಲಿನ ಪುಡಿಕೆಯಿಂದ ಕಣ್ಣು ತೆಗೆದೆ.

"ಯಾವಾಗ್ರಿ?" ಎಂದಳು. "ಯಾವಾಗ ಹೋದ್ಲು?"

ಅದಕ್ಕೂ ನಾನು ಸುಮ್ಮನಿದ್ದೆ. ಒಂದು ಮಾತು ಆಡಿದ್ದರೆ ಅದು ಅವಳ ಜೊತೆ ಮೆಟ್ಟಿಲು ಇಳಿದು ಕಟ್ಟೆಯ ತನಕ ಹೋಗುತ್ತಿತ್ತು. ತಾಯಿ ಅಳಲಿಲ್ಲ. ಪುಡಿಕೆ ತೆಗೆದುಕೊಂಡು ಎದ್ದಳು. ಬೆಂಚಿನ ಇನ್ನೊಂದು ತುದಿಯಲ್ಲಿ ಯಾರೂ ಇರಲಿಲ್ಲ, ಆದರೂ ಎದ್ದಾಗ ಅದನ್ನು ಕೈಯಿಂದ ಹಿಡಿದುಕೊಂಡಳು, ಕುಸಿಯಬಾರದೆಂದು.

ನಾನು ಕಿಟಕಿಗೆ ಬಂದು ನಿಂತೆ. ಅವಳು ಕೆಳಗೆ ಹೋಗಿ ಅವನ ಮುಂದೆ ನಿಂತಳು. "ಏನಂದ್ರು?" ಎಂದು ಅವನು ಕೇಳಿದ್ದು ಮೇಲಕ್ಕೆ ಸ್ಪಷ್ಟವಾಗಿ ಬಂತು. "ಇಲ್ಲಂತ," ಎಂದಳು. ಅವನು ಮತ್ತೇನೋ ಕೇಳಿದ. "ಇಲ್ಲಪ್ಪ, ಇಲ್ಲಂತ. ಮುಗೀತು."

ಆಮೇಲೆ ಪುಡಿಕೆ ಬಿಚ್ಚಿದಳು. ಹೆಬ್ಬೆರಳಲ್ಲಿ ಅರಿಶಿನ ತೆಗೆದು, ಅವನ ಖಾಲಿ ಹಣೆಗೆ ಈ ಕಡೆಯಿಂದ ಆ ಕಡೆಗೆ ಎಳೆದಳು. ಉಳಿದದ್ದನ್ನು ಅವನ ತಲೆಯ ಮೇಲೆ ಸುರಿದು, ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನು ಗಂಟು ಎತ್ತಿಕೊಂಡ. ಅವಳು ಅವನ ತೋಳು ಹಿಡಿದು, ಕತ್ತು ಒಂದು ಕಡೆ ವಾಲಿಸಿಕೊಂಡು, ಬಸ್ ಸ್ಟ್ಯಾಂಡಿನ ದಿಕ್ಕಿಗೆ ನಡೆದಳು. ಓಣಿಯ ತಿರುವಿನಲ್ಲಿ ಆ ಇಳಕಲ್ ಸೆರಗು ಮರೆಯಾಗುವ ತನಕ ನಿಂತು ನೋಡಿದೆ. ಅವಳನ್ನು ನಾನು ಕಡೆಯ ಸಲ ಕಂಡದ್ದು ಆಗ.